ಕಿಟಕಿಯಾಚೆ ಏನೂ ಕಾಣದಾಗ ಎತ್ತರ ಕಾಯ್ದುಕೊಳ್ಳುವುದು ಹೇಗೆ?

ಡಯಲ್‌ಗಳನ್ನಷ್ಟೇ ನೋಡಿ ವಿಮಾನ ಹಾರಿಸಲು ಕಲಿಸುವ ಇನ್‌ಸ್ಟ್ರುಮೆಂಟ್ ತರಬೇತಿಯಲ್ಲಿ ಹಣೆಗೆ ಹುಡ್ ಕಟ್ಟುತ್ತಾರೆ. ಹೊರಗಿನ ನೆಲ, ಆಕಾಶ ಎರಡೂ ಮರೆಯಾಗುತ್ತವೆ. ಕಾಣುವುದು ಮುಂದಿನ ಡಯಲ್‌ಗಳು ಮಾತ್ರ. ಇಲ್ಲಿ ಮೈಯ ಅನುಭವವನ್ನು ನಂಬಬಾರದು. ವಿಮಾನ ವಾಲಿದ್ದರೂ ನೇರವಾಗಿದೆ ಎಂದು ಒಳಗಿವಿ ಹೇಳಬಹುದು. ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ ಎತ್ತರ ಹಿಡಿದಿಡುವ ಕ್ರಮ ಹೀಗಿದೆ.

ಮೊದಲು ಎತ್ತರ ತೋರಿಸುವ ಡಯಲ್ ಆದ ಆಲ್ಟಿಮೀಟರ್ ಸರಿ ಮಾಡಿಕೊಳ್ಳಿ. ಕಂಟ್ರೋಲ್ ಟವರ್ ಕೊಡುವ ಕ್ಯೂಎನ್‌ಎಚ್ ಒತ್ತಡವನ್ನು (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ) ಅದರ ಗುಂಡಿ ತಿರುಗಿಸಿ ಹೊಂದಿಸಬೇಕು. ಈ ಒತ್ತಡದಲ್ಲಿ ಒಂದು ಹೆಕ್ಟೋಪಾಸ್ಕಲ್ ತಪ್ಪಿದರೂ ಸುಮಾರು 30 ಅಡಿ ವ್ಯತ್ಯಾಸವಾಗುತ್ತದೆ. ಹೀಗೆ ಹೊಂದಿಸಿದಾಗ ಡಯಲ್ ತೋರಿಸುವುದು ಸಮುದ್ರಮಟ್ಟದಿಂದ ಅಳೆಯುವ ಎತ್ತರ. ಹಾಗಾಗಿ ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ನೆಲದ ಮೇಲಿದ್ದರೂ ಸೂಜಿಗಳು ಸುಮಾರು 3000 ಅಡಿ ತೋರಿಸುತ್ತವೆ.

ಮೇಲೇರುವಾಗ ಬೇಕಾದ ಎತ್ತರ ಮುಟ್ಟುವ ಮೊದಲೇ ಮೂತಿ ಇಳಿಸಲು ಶುರು ಮಾಡಿ. ಏರುವ ವೇಗದ ಹತ್ತನೇ ಒಂದು ಭಾಗದಷ್ಟು ಮುಂಚೆ. ನಿಮಿಷಕ್ಕೆ 500 ಅಡಿ ಏರುತ್ತಿದ್ದರೆ 50 ಅಡಿ ಮುಂಚೆ. ಮೂತಿ, ರೆಕ್ಕೆ ಎತ್ತ ವಾಲಿವೆ ಎಂದು ತೋರಿಸುವ ಆಟಿಟ್ಯೂಡ್ ಇಂಡಿಕೇಟರ್‌ನಲ್ಲಿ ಪುಟ್ಟ ವಿಮಾನದ ಗುರುತನ್ನು ದಿಗಂತದ ಗೆರೆಗೆ ತನ್ನಿ. ವೇಗ ಕೂಡಿದ ಮೇಲೆ ಎಂಜಿನ್ ಶಕ್ತಿ ಹೊಂದಿಸುವ ಥ್ರಾಟಲ್ ಇಳಿಸಿ.

ಆಮೇಲೆ ಟ್ರಿಮ್, ಅಂದರೆ ಚಕ್ರ ತಿರುಗಿಸಿ ಕೈಯ ಮೇಲಿನ ಭಾರ ಇಳಿಸುವ ಹೊಂದಾಣಿಕೆ. ಎತ್ತರ ತಪ್ಪುವ ಸಮಸ್ಯೆಯ ದೊಡ್ಡ ಪಾಲು ಇಲ್ಲೇ ಇದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟ್ರಿಮ್ ಆಗದ ವಿಮಾನವನ್ನು ಕೈಬಲದಿಂದ ಹಿಡಿದಿದ್ದೀರಿ ಅಂದುಕೊಳ್ಳಿ. ಚಾರ್ಟ್ ನೋಡಲು ತಲೆ ತಿರುಗಿಸಿದೊಡನೆ ಹಿಡಿತ ಸಡಿಲವಾಗುತ್ತದೆ, ಮೂತಿ ಸರಿಯುತ್ತದೆ. ಮೊದಲು ಯೋಕ್‌ನಿಂದ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಮೂತಿಯನ್ನು ಬೇಕಾದಲ್ಲಿ ನಿಲ್ಲಿಸಿ. ಕೈಗೆ ಭಾರ ತಿಳಿಯದಷ್ಟಾಗುವವರೆಗೆ ಟ್ರಿಮ್ ಚಕ್ರ ತಿರುಗಿಸಿ. ಎರಡು ಬೆರಳಲ್ಲಿ ಹಿಡಿದರೂ ವಿಮಾನ ಇದ್ದಲ್ಲೇ ಇರಬೇಕು. ವೇಗ ಬದಲಾದಾಗಲೆಲ್ಲ ಮತ್ತೆ ಟ್ರಿಮ್ ಮಾಡಿ. ಆದರೆ ಟ್ರಿಮ್ ಚಕ್ರದಿಂದಲೇ ವಿಮಾನ ಓಡಿಸಲು ಹೋಗಬೇಡಿ.

ಈಗ ಕಣ್ಣಿನ ಕೆಲಸ. ಆಟಿಟ್ಯೂಡ್ ನೋಡಿ, ಆಲ್ಟಿಮೀಟರ್‌ಗೆ ಹೋಗಿ, ಮತ್ತೆ ಆಟಿಟ್ಯೂಡ್‌ಗೆ ಬನ್ನಿ, ದಿಕ್ಕು ನೋಡಿ, ಮತ್ತೆ ಅಲ್ಲಿಗೇ ಬನ್ನಿ. ಒಂದೇ ಡಯಲ್ ದಿಟ್ಟಿಸುತ್ತಾ ಕೂತರೆ ಉಳಿದವು ಕೈತಪ್ಪುತ್ತವೆ.

ಎತ್ತರ 100 ಅಡಿಯೊಳಗೆ ತಪ್ಪಿದ್ದರೆ ಪುಟ್ಟ ವಿಮಾನದ ಗುರುತಿನ ಅರ್ಧ ದಪ್ಪದಷ್ಟು ಮಾತ್ರ ಮೂತಿ ಬದಲಿಸಿ. ಜಾಸ್ತಿ ತಪ್ಪಿದ್ದರೆ ಒಂದು ಪೂರ್ತಿ ದಪ್ಪದಷ್ಟು. ತಪ್ಪಿದ ಅಡಿಯ ಎರಡರಷ್ಟು ವೇಗದಲ್ಲಿ ಹಿಂದಿರುಗಿದರೆ ಸಾಕು: 100 ಅಡಿಗೆ ನಿಮಿಷಕ್ಕೆ 200 ಅಡಿ. ಏರುವ, ಇಳಿಯುವ ವೇಗ ತೋರಿಸುವ ವರ್ಟಿಕಲ್ ಸ್ಪೀಡ್ ಇಂಡಿಕೇಟರ್ ಸರಿಯಾದ ಲೆಕ್ಕಕ್ಕೆ ಬರಲು 6ರಿಂದ 9 ಸೆಕೆಂಡ್ ಬೇಕು. ಅದರ ಸೂಜಿಯ ಹಿಂದೆ ಬಿದ್ದರೆ ವಿಮಾನ ಮೇಲೆ ಕೆಳಗೆ ತೊನೆಯುತ್ತಲೇ ಇರುತ್ತದೆ. ತಿದ್ದಿ, ಸ್ವಲ್ಪ ತಾಳಿ, ಆಮೇಲೆ ನೋಡಿ.

ತಿರುವಿನಲ್ಲಿ ರೆಕ್ಕೆಯ ಎತ್ತುವ ಬಲದ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ. ಮೂತಿಯನ್ನು ಒಂಚೂರು ಎತ್ತಿ ಹಿಡಿಯಿರಿ. ನೇರವಾಗುವಾಗ ಯೋಕ್ ಮೇಲಿನ ಆ ಎಳೆತ ಬಿಡಲು ಮರೆತರೆ ಎತ್ತರ ಏರಿಬಿಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಮೂತಿ ಎತ್ತಿದರೂ ಇಳಿಸಿದರೂ ಆಲ್ಟಿಮೀಟರ್ ಅಲುಗದೆ, ವರ್ಟಿಕಲ್ ಸ್ಪೀಡ್ ಸೊನ್ನೆಯಲ್ಲೇ ನಿಂತಿದ್ದರೆ, ಎತ್ತರ ಸರಿಯಾಗಿದೆ ಅಂತ ನಂಬಬೇಡಿ. ಹೊರಗಾಳಿಯ ಒತ್ತಡ ಒಳಗೆ ತರುವ ಸ್ಟ್ಯಾಟಿಕ್ ರಂಧ್ರ ಕಟ್ಟಿಕೊಂಡಿರಬಹುದು. ಬದಲಿ ಸ್ಟ್ಯಾಟಿಕ್ ವಾಲ್ವ್ ತೆರೆಯಿರಿ. ಆಗ ಆಲ್ಟಿಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು ತೋರಿಸುತ್ತದೆ. ಎಷ್ಟು ಕಳೆಯಬೇಕೆಂಬುದು ವಿಮಾನದ ಕೈಪಿಡಿಯಲ್ಲಿರುತ್ತದೆ.