ಸ್ಲೀವ್ ಆದ ಮೇಲೆ ಮಾರ್ಚ್ ತಿಂಗಳ ಕಚೇರಿ: ಎರಡನೆಯ ಸಲಕ್ಕೆ ಕೈಗೂಡಿದ ಲೆಕ್ಕ

ಬೊಜ್ಜು ಇಳಿಸಲು ಜಠರದ ಬಹುಪಾಲು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಒಂದು ತಿಂಗಳಷ್ಟೇ ದಾಟಿದವನು ಲೆಕ್ಕಪತ್ರ ವಿಭಾಗದಲ್ಲಿ ಕುಳಿತು, ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳನ್ನು ಪಾರು ಮಾಡಲಾರ ಎಂದು ನನ್ನ ಕಚೇರಿಯವರಷ್ಟೇ ಅಲ್ಲ, ನನಗಿಂತ ಮೊದಲು ಇದೇ ಹಾದಿ ಹಿಡಿದಿದ್ದ ಇಬ್ಬರು ಪರಿಚಯದವರೂ ಹೇಳಿದ್ದರು. ಅವರಲ್ಲಿ ಒಬ್ಬರು ಎರಡು ತಿಂಗಳು ರಜೆ ಹಾಕಿದ್ದರು, ಇನ್ನೊಬ್ಬರು ಬೇರೆ ವಿಭಾಗಕ್ಕೆ ಬದಲಿ ಕೇಳಿಕೊಂಡಿದ್ದರು. ನಾನು ವಿಜಯಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಆ ವರ್ಷದ ಮಾರ್ಚ್ 31ರಂದು ಖಜಾನೆಯ ಕೊನೆಯ ಬಿಲ್ಲು ಮುಗಿಯುವವರೆಗೆ, ಅಂದರೆ ರಾತ್ರಿ ಹನ್ನೊಂದೂವರೆಯವರೆಗೆ ಕುಳಿತಿದ್ದೆ, ತಲೆ ತಿರುಗಲಿಲ್ಲ. ಇದನ್ನು ಬರೆಯುವುದಕ್ಕೆ ಅದೇ ಕಾರಣ. ದ್ರವ, ಮೆದು, ಗಟ್ಟಿ ಎಂಬ ಆಹಾರದ ಹಂತಗಳು, ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರ, ದಿನಕ್ಕೆ 60 ಗ್ರಾಂ ಪ್ರೋಟೀನು ಇವೆಲ್ಲ ಓದುವವರಿಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದ ವಾರ ಬೆಳಗಾವಿಗೆ ಹೋಗಿ ದಾಖಲಾದೆ. ಆಗ ನನ್ನ ತೂಕ 128 ಕಿಲೋ, ಎತ್ತರ ಐದೂವರೆ ಅಡಿ. ಐದು ಸಣ್ಣ ತೂತು, ಮೂರು ರಾತ್ರಿ, ನಂತರ ಸುಮಾರು 200 ಕಿಲೋಮೀಟರು ಕಾರಿನಲ್ಲಿ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಂಡು ಊರಿಗೆ ಬಂದದ್ದು. ಕುರ್ಚಿಯ ಕೆಲಸವಾದರೆ ಎರಡರಿಂದ ನಾಲ್ಕು ವಾರಗಳಲ್ಲಿ ಹೋಗಬಹುದು ಎಂದು ವೈದ್ಯರು ಹೇಳಿದ್ದರು. ಆ ಮಾತಿನಲ್ಲಿ ನನಗೆ "ಎರಡು" ಮಾತ್ರ ಕೇಳಿಸಿತು. ರಜೆ ಉಳಿಸುವ ಆಸೆಯಿಂದ ಹದಿನೇಳು ದಿನಗಳ ಪರಿವರ್ತಿತ ರಜೆ (ಅರ್ಧ ವೇತನದ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿಕೊಂಡದ್ದು) ಮುಗಿಸಿ, ದೇಹಾರೋಗ್ಯ ಪ್ರಮಾಣಪತ್ರ ಹಚ್ಚಿ ಕರ್ತವ್ಯಕ್ಕೆ ಹಾಜರಾದೆ. ನಾಲ್ಕನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಕೆಳಗಿನ ರ‍್ಯಾಕಿನಿಂದ ವೋಚರಿನ ಕಟ್ಟು ತೆಗೆಯಲು ಬಗ್ಗಿ ಎದ್ದವನಿಗೆ ಕಣ್ಣು ಕತ್ತಲೆ ಬಂದು, ಗೋಡೆ ಹಿಡಿದುಕೊಂಡೇ ನೆಲಕ್ಕೆ ಕುಳಿತೆ. ಸಿಪಾಯಿ ಓಡಿ ಬಂದು ನೀರಿನ ತಂಬಿಗೆ ಬಾಯಿಗೆ ಹಿಡಿದ. ಎರಡು ದೊಡ್ಡ ಗುಟುಕು ಕುಡಿದೆ, ಅದೂ ಹೊರಗೆ ಬಂತು. ಅಂದು ಸಂಜೆಯಿಂದ ಒಂದೂವರೆ ದಿನ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸಲೈನು. ಒಂಬತ್ತು ಸಾವಿರದ ಮೇಲೆ ಖರ್ಚಾಯಿತು.

ಕಾರಣ ಹುಡುಕಿದಾಗ ಎರಡು ಸಿಕ್ಕವು. ಮೊದಲನೆಯದು ನೀರು. ಮನೆಯಲ್ಲಿ ಹೆಂಡತಿ ಹತ್ತು ನಿಮಿಷಕ್ಕೊಮ್ಮೆ ಕೈಗೆ ಲೋಟ ಕೊಡುತ್ತಿದ್ದಳು, ಆದ್ದರಿಂದ ದಿನಕ್ಕೆ ಒಂದೂವರೆ ಲೀಟರು ಹೇಗೋ ಹೋಗುತ್ತಿತ್ತು. ಕಚೇರಿಯಲ್ಲಿ ಕಡತ ಹಿಡಿದರೆ ಎರಡು ಗಂಟೆ ನೀರಿನ ನೆನಪೇ ಇರುತ್ತಿರಲಿಲ್ಲ. ಮೊದಲಿನ ಹೊಟ್ಟೆಯಾಗಿದ್ದರೆ ಮಧ್ಯಾಹ್ನ ಒಂದು ತಂಬಿಗೆ ಕುಡಿದು ಬಾಕಿ ತೀರಿಸಬಹುದಿತ್ತು. ಈಗಿನದರಲ್ಲಿ ಬಾಕಿ ತೀರಿಸುವ ಮಾತೇ ಇಲ್ಲ, ತಪ್ಪಿದ ಗುಟುಕು ತಪ್ಪಿದ್ದೇ. ಎರಡನೆಯದು ರಕ್ತದೊತ್ತಡದ ಗುಳಿಗೆ. ಮೂತ್ರ ಹೆಚ್ಚಿಸುವ ಅಂಶವಿದ್ದ ಹಳೆಯ ಗುಳಿಗೆಯನ್ನು ಹಳೆಯ ಪ್ರಮಾಣದಲ್ಲೇ ನುಂಗುತ್ತಿದ್ದೆ. ವಾರಕ್ಕೊಮ್ಮೆ ಒತ್ತಡ ನೋಡಿಸಿ ಫೋನ್ ಮಾಡಬೇಕೆಂದು ಹೇಳಿದ್ದರೂ ನಾನು ಮಾಡಿರಲಿಲ್ಲ, ತಪ್ಪು ನನ್ನದೇ. ವೈದ್ಯರು ಆ ಗುಳಿಗೆ ನಿಲ್ಲಿಸಿ ಬೇರೊಂದನ್ನು ಅರ್ಧ ಪ್ರಮಾಣದಲ್ಲಿ ಕೊಟ್ಟರು. ಕಚೇರಿಗೆ ಮರಳುವವರು ಚೀಲ ಹೊಂದಿಸುವುದಕ್ಕೆ ಮೊದಲು ಈ ಒಂದು ಫೋನು ಮಾಡಬೇಕು.

ದುಡ್ಡಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಆಸ್ಪತ್ರೆಯ ಬಿಲ್ಲು ಮೂರು ಲಕ್ಷ ನಲವತ್ತು ಸಾವಿರದ ಆಸುಪಾಸು. ವಿಮಾ ಕಂಪನಿಯವರು ಇದು ಅಂದಕ್ಕಾಗಿ ಮಾಡಿಸಿಕೊಂಡದ್ದು ಎಂಬಂತೆ ಬರೆದು ಮೊದಲು ತಿರಸ್ಕರಿಸಿದರು. ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದು, ವೈದ್ಯರ ಸಲಹೆಯ ಮೇರೆಗೆ ಮಾಡಿಸಿಕೊಂಡಿದ್ದರೆ ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವಂತಿಲ್ಲವೆಂದು ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ನಿಯಮವಿದೆ, ನನ್ನದು 45. ಅಂಕಿ ಹಾಕಿ, ನಿಯಮದ ಪ್ರತಿ ಲಗತ್ತಿಸಿ, ಇಪ್ಪತ್ತೆರಡು ವರ್ಷಗಳಿಂದ ಟಿಪ್ಪಣಿ ಬರೆದ ಕೈಯಿಂದ ಎರಡು ಪುಟದ ಪತ್ರ ಬರೆದೆ, ಎರಡು ಲಕ್ಷ ಅರವತ್ತು ಸಾವಿರದಷ್ಟು ಬಂತು. ಆದರೆ ರಜೆಯನ್ನು ಉಳಿಸಲು ಹೋಗಿ ಕಳೆದುಕೊಂಡೆ. ಬಿದ್ದ ಮೇಲೆ ಮತ್ತೆ ಎರಡು ವಾರ ಹಾಕಬೇಕಾಯಿತು. ಪರಿವರ್ತಿತ ರಜೆಗೆ ಅರ್ಧ ವೇತನದ ಖಾತೆಯಿಂದ ದುಪ್ಪಟ್ಟು ಕಡಿತವಾಗುವುದರಿಂದ ಒಟ್ಟು ಅರವತ್ತರ ಮೇಲೆ ದಿನಗಳು ಹೋದವು, ಪ್ರಮಾಣಪತ್ರವನ್ನು ಎರಡೆರಡು ಸಲ ತರಬೇಕಾಯಿತು. ಮೊದಲೇ ನಾಲ್ಕು ವಾರ ಹಾಕಿದ್ದರೆ ಐವತ್ತಾರರಲ್ಲಿ ಮುಗಿಯುತ್ತಿತ್ತು, ಸಲೈನಿನ ದುಡ್ಡೂ ಉಳಿಯುತ್ತಿತ್ತು.

ಎರಡನೆಯ ಸಲ, ಶಸ್ತ್ರಚಿಕಿತ್ಸೆಯಾದ ಮೂವತ್ತಾರನೆಯ ದಿನ, ತೂಕ 117 ಇದ್ದಾಗ, ನಾನು ನೀರಿಗೊಂದು ನಗದು ಪುಸ್ತಕ ತೆರೆದು ಕಚೇರಿಗೆ ಹೋದೆ. ಎಡಕ್ಕೆ ಬಾಕಿ, ಬಲಕ್ಕೆ ಜಮೆ. ಮಾಡಿದ್ದಿಷ್ಟೇ: 250 ಮಿಲಿಲೀಟರಿನ ನಾಲ್ಕು ಬಾಟಲಿಗಳನ್ನು ಮೇಜಿನ ಎಡಗಡೆ ಸಾಲಾಗಿ ಇಡುವುದು, ಖಾಲಿಯಾದದ್ದನ್ನು ಬಲಗಡೆಗೆ ಸರಿಸುವುದು. ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಸೋಸಿದ ತಿಳಿ ಮಜ್ಜಿಗೆ, ಮೂರನೆಯದರಲ್ಲಿ ಜೀರಿಗೆ ನೀರು, ನಾಲ್ಕನೆಯದು ಸಣ್ಣ ಥರ್ಮಾಸು, ಅದರಲ್ಲಿ ಹೆಸರುಬೇಳೆಯ ಕಟ್ಟು. ಬರಿ ನೀರೇ ಆದರೆ ಮಧ್ಯಾಹ್ನದ ಹೊತ್ತಿಗೆ ಬಾಯಿ ಬೇಡವೆನ್ನುತ್ತದೆ, ಓಕರಿಕೆ ಬರುತ್ತದೆ. ರುಚಿ ಬದಲಾದರೆ ಹೋಗುತ್ತದೆ. ಆಸ್ಪತ್ರೆಯವರು ಕೊಟ್ಟಿದ್ದ 30 ಮಿಲಿಲೀಟರಿನ ಲೋಟವನ್ನೇ ಬಳಸಿದೆ. ಬೇಳೆಕಟ್ಟಿಗೆ ನನ್ನ ಅತ್ತೆಯವರು ಹಾಕಿಕೊಡುತ್ತಿದ್ದ ಒಂದು ಪುಡಿ ಇತ್ತು, ಅದರಿಂದಲೇ ನನಗೆ ಆ ತಿಂಗಳು ಕಟ್ಟು ಬೇಸರವಾಗಲಿಲ್ಲ. ಅದರ ಪಾಕ ಅವರ ಅಪ್ಪಣೆಯಿಲ್ಲದೆ ಇಲ್ಲಿ ಬರೆಯುವಂತಿಲ್ಲ.

ನಿಜವಾದ ತೊಡಕು ಗುಟುಕನ್ನು ನೆನಪಿಡುವುದು. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೊಂದು ಅಲಾರ್ಮ್ ಇಟ್ಟೆ. ಎರಡನೆಯ ದಿನವೇ ಪಕ್ಕದ ಮೇಜಿನವರು "ಸಾಹೇಬ್ರ, ನಿಮ್ಮ ಗಂಟಿ ಕೇಳಿ ಕೇಳಿ ನಮಗ ನೀರಡಕಿ ಹತ್ತಾಕತ್ತೇತಿ" ಎಂದರು. ಮಗಳ ಕೈಗಡಿಯಾರ ಕಟ್ಟಿಕೊಂಡೆ, ಅದು ಸದ್ದಿಲ್ಲದೆ ಅದುರುತ್ತಿತ್ತು, ಆದರೆ ಅದುರಿದ್ದನ್ನು ಒತ್ತಿ ನಿಲ್ಲಿಸಿ ಕೆಲಸ ಮುಂದುವರಿಸುವುದು ಮೂರೇ ದಿನಗಳಲ್ಲಿ ರೂಢಿಯಾಯಿತು. ಕೊನೆಗೆ ಗುಟುಕನ್ನು ಬಿಲ್ಲಿಗೆ ಕಟ್ಟಿದೆ. ಎರಡು ಬಿಲ್ಲು ತಾಳೆ ನೋಡಿ ಸಹಿ ಹಾಕಿದರೆ ಒಂದು ಲೋಟ. ಲೋಟ ಖಾಲಿಯಾಗದೆ ಮೂರನೆಯ ಬಿಲ್ಲಿಗೆ ಕೈ ಹಚ್ಚುವಂತಿಲ್ಲ. ಒಂದು ಬಿಲ್ಲಿಗೆ ನನಗೆ ಐದಾರು ನಿಮಿಷ ಬೇಕು, ಹಾಗಾಗಿ ಗಡಿಯಾರದ ಲೆಕ್ಕಕ್ಕೂ ಅದು ಸರಿಹೊಂದಿತು. ಊಟದ ಹೊತ್ತಿನ ಬಿಡುವು ಕಳೆದರೆ ಹತ್ತರಿಂದ ಐದೂವರೆಯೊಳಗೆ 900ರಿಂದ 1000 ಮಿಲಿಲೀಟರು ಜಮೆ, ಉಳಿದದ್ದು ಮನೆಯಲ್ಲಿ. ಮೂತ್ರದ ಬಣ್ಣ ತಿಳಿಯಾಗಿದ್ದರೆ ಖಾತೆ ಸರಿಯಿದೆ, ಹಳದಿ ಗಾಢವಾದರೆ ಬಾಕಿ ಬಿದ್ದಿದೆ. ಮೀಟಿಂಗ್ ಇದ್ದ ದಿನ ಮಾತ್ರ ಈ ಪದ್ಧತಿ ಕೈಕೊಡುತ್ತಿತ್ತು. ಸಾಹೇಬರ ಮೀಟಿಂಗನ್ನು ಮುಕ್ಕಾಲು ಗಂಟೆಯೊಳಗೆ ಮುಗಿಸುವ ಒಂದು ಉಪಾಯ ಕಂಡುಕೊಂಡೆ, ಅದು ಇಂದಿಗೂ ಉಪಯೋಗಕ್ಕೆ ಬರುತ್ತಿರುವುದರಿಂದ ಬಹಿರಂಗ ಮಾಡಲಾರೆ.

ನಮ್ಮ ಮನೆಯಲ್ಲಿ ಮೊಟ್ಟೆ ಬರುವುದಿಲ್ಲ. ಪ್ರೋಟೀನ್ ಪುಡಿಯ ಡಬ್ಬಿಗೆ ಸುಮಾರು 2,900 ರೂಪಾಯಿ, ದಿನಕ್ಕೆ ಎರಡು ಚಮಚದಂತೆ ಹದಿನಾರು ದಿನಕ್ಕೆ ಖಾಲಿ. ಮೊದಲ ಮೂರು ತಿಂಗಳಿಗೆ ಐದು ಡಬ್ಬಿ ಹೋದವು. ಇದನ್ನು ಕಡಿಮೆ ಮಾಡಲು ಏನೇನೋ ಮಾಡಿದೆ. ಬಿಸಿ ಬೇಳೆಕಟ್ಟಿಗೆ ರುಚಿಯಿಲ್ಲದ ಪ್ರೋಟೀನ್ ಪುಡಿ ಹಾಕಿದರೆ ಹಾಲು ಒಡೆದಂತೆ ಗಂಟು ಕಟ್ಟಿತು. ಬೆರಳು ಅದ್ದಿದರೆ ತಾಳುವಷ್ಟು ಆರಿದ ಮೇಲೆ ಹಾಕಿದರೆ ಬೆರೆಯುತ್ತದೆ. ಮಜ್ಜಿಗೆಗೆ ಪುಠಾಣಿ ಹಿಟ್ಟು ಕದಡಿ ಕುಡಿದೆ, ಅಗ್ಗವೇನೋ ಹೌದು, ಆದರೆ ಇಡೀ ಮಧ್ಯಾಹ್ನ ಹೊಟ್ಟೆಯಲ್ಲಿ ವಾಯು ತುಂಬಿ ಪಕ್ಕದವರ ಎದುರು ಮಾನ ಹೋಗುವ ಹಾಗಾಯಿತು. ನಿಂತದ್ದು ಎರಡು: ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಸೇರಿಸುವುದು, 30 ಗ್ರಾಮಿಗೆ ಹತ್ತು ಗ್ರಾಂ ಪ್ರೋಟೀನು ಬರುತ್ತದೆ, ಮತ್ತು ಮೊಸರನ್ನು ರಾತ್ರಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಮಾಡಿದ ಚಕ್ಕಾ. ಇವುಗಳಿಂದ ನಾಲ್ಕನೆಯ ತಿಂಗಳಿಗೆ ಡಬ್ಬಿಯ ಖರ್ಚು ಅರ್ಧಕ್ಕಿಳಿಯಿತು.

ಕಚೇರಿಯಲ್ಲಿ ಊಟವನ್ನು ಎರಡು ಮಾಡಿಕೊಂಡೆ, ಹನ್ನೆರಡಕ್ಕೊಂದು ಬಟ್ಟಲು, ಮೂರೂವರೆಗೊಂದು ಬಟ್ಟಲು. ಒಂದೂವರೆಯ ಪಂಕ್ತಿಗೆ ಸುಮ್ಮನೆ ಕುಳಿತುಕೊಳ್ಳುತ್ತಿದ್ದೆ. ಒಮ್ಮೆ ಮಾತ್ರ ಆ ಪಂಕ್ತಿಯಲ್ಲಿ ಕೆಟ್ಟೆ. ಗೆಳೆಯರೊಬ್ಬರು ಝುಣಕ ತಂದಿದ್ದರು. ಮೆತ್ತಗಿದೆಯಲ್ಲ, ಕಡಲೆಹಿಟ್ಟಲ್ಲವೇ, ಪ್ರೋಟೀನೂ ಆಯಿತು ಎಂದು ಅಡಿಕೆಯಷ್ಟು ಬಾಯಿಗೆ ಹಾಕಿಕೊಂಡು ಮಾತಿನ ಭರದಲ್ಲಿ ಅಗಿಯದೆ ನುಂಗಿದೆ. ಎದೆಯ ನಡುವೆ, ಸರಿಯಾಗಿ ಅಂಗಿಯ ಎರಡನೆಯ ಗುಂಡಿಯ ಹಿಂದೆ, ಅದು ಕಲ್ಲಿನಂತೆ ನಿಂತುಬಿಟ್ಟಿತು. ಬಾಯಲ್ಲಿ ಲೋಳೆಯಂಥ ನೊರೆ ಉಕ್ಕತೊಡಗಿತು, ನುಂಗಿದರೆ ಕೆಳಗಿಳಿಯದು, ಉಗುಳಿದರೆ ಮತ್ತೆ ತುಂಬುವುದು. ನೀರು ಕುಡಿದರೆ ಹೆಚ್ಚಾಗುತ್ತದೆ ಎಂದು ಗೊತ್ತಿದ್ದುದರಿಂದ ಶೌಚಾಲಯದ ಬೇಸಿನ್ ಹಿಡಿದು ಇಪ್ಪತ್ತು ನಿಮಿಷ ನಿಂತೆ. ಕೊನೆಗೆ ನುಂಗಿದ ಚೂರು ಹಾಗೆಯೇ ಹೊರಬಂತು. ಒಣ ಪದಾರ್ಥ ಎಷ್ಟು ಮೆತ್ತಗಿದ್ದರೂ ಒಣವೇ. ಇದಕ್ಕೆ ವಿರುದ್ಧವಾಗಿ, ಮೂರು ತಿಂಗಳ ನಂತರ ಬಿಸಿ ರೊಟ್ಟಿ ಅಂಟಿಕೊಂಡು ನಿಂತರೂ ಕಟಕ ರೊಟ್ಟಿಯ ಚೂರು ಚೆನ್ನಾಗಿ ಅಗಿದರೆ ಸಲೀಸಾಗಿ ಇಳಿಯಿತು. ಇದನ್ನು ಹೇಳಿದರೆ ನನ್ನ ಆ ಇಬ್ಬರು ಪರಿಚಯದವರು ನಂಬಿರಲಿಲ್ಲ, ಈಗ ಅವರೂ ಅದನ್ನೇ ತಿನ್ನುತ್ತಾರೆ.

ಚಹಾದ ವಿಷಯದಲ್ಲಿ ತೊಂದರೆ ಬೇರೆ. ಹನ್ನೊಂದು ಗಂಟೆಯ ಚಹಾ ಬೇಡವೆಂದರೆ ಕಚೇರಿಯಲ್ಲಿ ಕೋಪಿಸಿಕೊಂಡ ಹಾಗೆ ಆಗುತ್ತದೆ. ಕಬ್ಬಿಣದ ಗುಳಿಗೆಯನ್ನು ಚಹಾದ ಹತ್ತಿರ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಗುಳಿಗೆಗೂ ಅದಕ್ಕೂ ಎರಡು ಗಂಟೆಯ ಅಂತರ ಬೇಕು. ಆದ್ದರಿಂದ ಕಬ್ಬಿಣವನ್ನು ರಾತ್ರಿಗೆ ಸರಿಸಿ, ಕ್ಯಾಲ್ಸಿಯಂ ಅನ್ನು ಕಚೇರಿಯ ಹೊತ್ತಿಗೆ ಇಟ್ಟುಕೊಂಡು, ಕಪ್ಪಿನಲ್ಲಿ ಎರಡು ಬೆರಳು ಸಕ್ಕರೆಯಿಲ್ಲದ ಚಹಾ ಹಾಕಿಸಿಕೊಂಡು ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ಕೈಯಲ್ಲಿ ಕಪ್ಪಿದ್ದರೆ ಯಾರೂ ಒತ್ತಾಯ ಮಾಡುವುದಿಲ್ಲ. ಪೇಢೆ ಹಂಚಿದಾಗ ಜೇಬಿಗೆ. ಒಮ್ಮೆ ತಿಂದು ನೋಡಿದ್ದೆ: ಕಾಲು ಗಂಟೆಯಲ್ಲಿ ಬೆವರು, ಎದೆಬಡಿತ, ನಂತರ ಭೇದಿ.

ಕುರ್ಚಿಯ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಎರಡನೆಯ ತಿಂಗಳ ಹೊತ್ತಿಗೆ ಕೆಳಗಿನ ಮಾಂಸ ಕರಗಿ, ಒಂದು ಗಂಟೆ ಕುಳಿತರೆ ಮೂಳೆ ಹಲಗೆಗೆ ಒತ್ತಿ ನೋಯುತ್ತಿತ್ತು. ತಾಯಿ ಹೊಲಿದಿದ್ದ ಹಳೆಯ ಸೀರೆಗಳ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡೆ. ಅದಕ್ಕೆ ಮೊದಲು 850 ರೂಪಾಯಿ ಕೊಟ್ಟು ತಂದ ಸ್ಪಂಜಿನ ದಿಂಬು ವಿಜಯಪುರದ ಮಾರ್ಚ್ ಬಿಸಿಲಿಗೆ ಬೆವರು ಹಿಡಿದು ನಿರುಪಯೋಗಿಯಾಗಿತ್ತು. ಗಂಟೆಗೊಮ್ಮೆ ಎದ್ದು ರೆಕಾರ್ಡ್ ಕೋಣೆಯವರೆಗೆ ನಡೆದು ಬರುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು, ಆದರೆ ಆರು ವಾರ ಕಳೆಯುವವರೆಗೆ ಅಲ್ಲಿಂದ ಕಟ್ಟು ಹೊತ್ತು ತರುವುದು ಸಿಪಾಯಿಯ ಕೆಲಸ. ಬೈಕಿಗೆ ಕಿಕ್ ಹೊಡೆಯುವ ಬದಲು ಟಂಟಂ ಆಟೋ. ನಾಲ್ಕನೆಯ ತಿಂಗಳು ಕೂದಲು ಉದುರಿ ಲೆಡ್ಜರಿನ ಪುಟಗಳ ನಡುವೆ ಸಿಗತೊಡಗಿತು, ಆರೇಳು ತಿಂಗಳಿಗೆ ತಾನೇ ನಿಂತಿತು.

ಮಾರ್ಚ್ 31ರಂದು ನಾಲ್ಕು ಬಾಟಲಿ ಸಾಲದೆಂದು ಆರು ಒಯ್ದಿದ್ದೆ. ಸಂಜೆ ಏಳಕ್ಕೆ ಎಲ್ಲರಿಗೂ ಮಿರ್ಚಿ ಭಜಿ, ಚುರುಮರಿ ಬಂತು. ನನಗೆ ಮನೆಯಿಂದ ಚಕ್ಕಾದ ಬಟ್ಟಲು. ಅಂದಿನ ನೀರಿನ ಖಾತೆಯಲ್ಲಿ ಜಮೆ 1,650 ಎಂದು ಬರೆದದ್ದು ಈಗಲೂ ಇದೆ, ಬಿಲ್ಲುಗಳೂ ಎಂಬತ್ತರ ಮೇಲೆ ಆಗಿದ್ದವು. ಹತ್ತು ಗಂಟೆಗೆ ತೂಕಡಿಸಿದವರು ಭಜಿ ತಿಂದವರು.

ಈಗ ಹದಿನಾಲ್ಕು ತಿಂಗಳು, ತೂಕ 84. ಬಾಟಲಿಗಳು ನಾಲ್ಕರಿಂದ ಎರಡಕ್ಕೆ ಇಳಿದಿವೆ, ಲೋಟದ ಬದಲು ನೇರವಾಗಿ ಕುಡಿಯುತ್ತೇನೆ, ರಕ್ತದೊತ್ತಡದ ಗುಳಿಗೆ ಪೂರ್ತಿ ನಿಂತಿದೆ, ಬಿ12ರ ಪರೀಕ್ಷೆ ಮುಂದಿನ ತಿಂಗಳಿದೆ. ಈ ವರ್ಷದ ಮಾರ್ಚ್‌ನಲ್ಲಿ ಪಕ್ಕದ ಮೇಜಿನವರೂ ಎಡಗಡೆಗೆ ಒಂದು ಬಾಟಲಿ ಇಟ್ಟುಕೊಂಡಿದ್ದರು. ಕೌದಿಯನ್ನೂ ಕೇಳಿದರು, ಕೊಡಲಿಲ್ಲ.