ಹಳ್ಳಿಯ ಹೊಯ್ಸಳ ಗುಡಿಯನ್ನು ನೋಡುವ ಕ್ರಮ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಬರುವವರಲ್ಲಿ ಹೆಚ್ಚಿನವರು ಮಂಗಳಾರತಿ ತೆಗೆದುಕೊಂಡು, ಗೋಡೆಗೆ ಬೆನ್ನು ಮಾಡಿ ಫೋಟೊ ಹೊಡೆಸಿಕೊಂಡು, ಅದೇ ಕಾಲಲ್ಲಿ ಹೊರಟುಬಿಡುತ್ತಾರೆ. ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು.

ಬೆಳಗಿನ ಪೂಜೆಯ ಹೊತ್ತಿಗೇ ತಲುಪಿರಿ. ಪೂಜೆ ಮುಗಿಸಿ ಬೀಗ ಹಾಕಿಕೊಂಡು ಹೋಗುವುದು ಹಳ್ಳಿಯ ಗುಡಿಗಳಲ್ಲಿ ಸಾಮಾನ್ಯ. ತಡವಾದರೆ ಅರ್ಚಕರ ಮನೆ ಕೇಳಿಕೊಂಡು ಹೋಗಬೇಕು, ಊಟದ ವೇಳೆಯಲ್ಲಂತೂ ಹೋಗಬಾರದು. ಚಪ್ಪಲಿಯನ್ನು ಜಗತಿಯ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆಯ, ಕೆಳಗೇ ಬಿಡಿ.

ಜನ ಎಡವುವುದು ಹೊರಗೋಡೆಯಲ್ಲಿ. ದೂರದಲ್ಲಿ ನಿಂತು ಒಟ್ಟಾರೆ ನೋಡಿದರೆ ಕಣ್ಣಿಗೆ ಏನೂ ಸಿಕ್ಕದು, ಆದ್ದರಿಂದ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತ ಮೊದಲ ಸುತ್ತಿನಲ್ಲಿ ಅಧಿಷ್ಠಾನದ, ಅಂದರೆ ಗೋಡೆಯ ಬುಡದ, ಕೆತ್ತನೆಯ ಪಟ್ಟಿಕೆಗಳನ್ನು ಮಾತ್ರ ನೋಡಿ: ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಪ್ರಸಂಗಗಳು, ಮಕರ, ಹಂಸ. ಪುರಾಣದ ಪಟ್ಟಿಕೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಲೇಬೇಕು. ನಿಂತು ನೋಡಿದರೆ ಕಥೆ ಹಿಡಿಯುವುದಿಲ್ಲ.

ಎರಡನೆಯ ಸುತ್ತು ದೊಡ್ಡ ವಿಗ್ರಹಗಳಿಗೆ. ನಾಲ್ಕು ಕೈಯ ವಿಷ್ಣುವನ್ನೆಲ್ಲ ‘ನಾರಾಯಣ’ ಎಂದು ಮುಂದೆ ಸಾಗುವವರೇ ಹೆಚ್ಚು, ಆದರೆ ಶಂಖ, ಚಕ್ರ, ಗದೆ, ಪದ್ಮಗಳ ಸ್ಥಾನ ಬದಲಾದಂತೆ ಮೂರ್ತಿಯ ಹೆಸರೂ ಬದಲಾಗುತ್ತದೆ; ನಾಲ್ಕು ಆಯುಧಗಳನ್ನು ಜೋಡಿಸಲು ಇರುವ ದಾರಿಗಳು 24, ಆಚಮನದಲ್ಲಿ ಹೇಳುವ ಕೇಶವಾದಿ ನಾಮಗಳೂ ಅಷ್ಟೇ. ದೇವರ ಕೆಳಗಿನ ಬಲಗೈಯಿಂದ ಆರಂಭಿಸಿ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ ಎಂದು ಓದಿಕೊಳ್ಳಿ. ಆ ಕ್ರಮದಲ್ಲಿ ಪದ್ಮ, ಶಂಖ, ಚಕ್ರ, ಗದೆ ಬಂದರೆ ಅವನು ಕೇಶವ. ಬಲ ಎಂದರೆ ದೇವರ ಬಲ, ನೋಡುವವರದ್ದಲ್ಲ. ಇಲ್ಲಿ ತಪ್ಪಿದರೆ ಎಲ್ಲ ಹೆಸರುಗಳೂ ತಪ್ಪುತ್ತವೆ. ಕೈ ಮುರಿದಿರುವ ವಿಗ್ರಹಕ್ಕೆ ಊಹೆಯಿಂದ ಹೆಸರಿಡಬೇಡಿ.

ಪೀಠದ ಅಂಚನ್ನೂ ಗಮನಿಸಿ, ಏಕೆಂದರೆ ಇಲ್ಲಿನ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಸೋಮನಾಥಪುರದಲ್ಲಿ ದುಡಿದವನೂ ಇದೇ ಮಲ್ಲಿತಮ್ಮ. ಎರಡು ಗೋಡೆಗಳ ಕೈಚಳಕವನ್ನು ಹೋಲಿಸಿ ನೋಡುವುದಕ್ಕಿಂತ ಮಿಗಿಲಾದ ಪಾಠ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಅಕ್ಷರ ಮಸುಕಾಗಿದೆಯೆಂದು ಸೀಮೆಸುಣ್ಣವನ್ನೋ ರಂಗೋಲಿ ಪುಡಿಯನ್ನೋ ಉಜ್ಜುವ ಅಡ್ಡದಾರಿ ಬೇಡವೇ ಬೇಡ. ಗುಡಿ ಕಟ್ಟಿರುವ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಡುಸಾಗುತ್ತದೆ, ನಿಜ, ಆದರೂ ಪುಡಿ ಸಂದುಗಳಲ್ಲಿ ಕುಳಿತರೆ ಸುಲಭವಾಗಿ ಬಿಡುವುದಿಲ್ಲ. ಟಾರ್ಚನ್ನು ಗೋಡೆಗೆ ಒತ್ತಿದಂತೆ ಪಕ್ಕದಿಂದ ಹಿಡಿದರೆ ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಸಾಲು ತಾನಾಗಿ ಕಾಣಿಸುತ್ತದೆ. ಮೊಬೈಲಿನ ದೀಪವನ್ನು ನೇರವಾಗಿ ಹಿಡಿದರೆ ಉಬ್ಬುತಗ್ಗೆಲ್ಲ ಮಾಯ. ನೀಲಿ ಛಾಯೆಯ ಅಗ್ಗದ ಟಾರ್ಚುಗಳನ್ನು ಕೊಳ್ಳಲೇಬೇಡಿ, ಹಳದಿ ಬೆಳಕಿನದ್ದೇ ಆಗಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಬೈಚೋಜನ ಗೋಡೆಗೆ ಬಿಸಿಲು ಸಿಗುತ್ತದೆ, ಮಲ್ಲಿತಮ್ಮನದಕ್ಕೆ ಟಾರ್ಚೇ ಗತಿ.

ನವರಂಗದ (ಒಳಮಂಟಪದ) ಕಂಬ ಮತ್ತು ಭುವನೇಶ್ವರಿಗಳನ್ನು (ಕೆತ್ತನೆಯ ಒಳಛಾವಣಿಗಳನ್ನು) ಕೊನೆಗೆ, ಅರ್ಚಕರ ಅನುಮತಿ ಪಡೆದು, ಫ್ಲ್ಯಾಶ್ ಇಲ್ಲದೆ ನೋಡಿ. ಗರ್ಭಗುಡಿಯತ್ತ ಕ್ಯಾಮೆರಾ ಎತ್ತಬೇಡಿ. ತಟ್ಟೆಗೆ ದಕ್ಷಿಣೆ ಹಾಕಿ ಹೊರಬಂದ ಮೇಲೆ, ಅದೇ ಬೊಮ್ಮಣ್ಣ ಕಟ್ಟಿಸಿದ ಸದಾಶಿವ ದೇವಾಲಯದ, ಉತ್ತರ ಭಾರತದ ನಾಗರ ಶೈಲಿಯ ಶಿಖರವನ್ನು ನೋಡದೆ ಊರು ಬಿಡಬೇಡಿ.