ಬಿಲ್ ಪುಸ್ತಕ ಕೊಟ್ಟು ಇಂಟರ್ನ್ ಆರಿಸಿದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ. ತಟ್ಟೆ ಒತ್ತುವ ಪ್ರೆಸ್ ಮೂರು, ಕೆಲಸದವರು ಐದು ಮಂದಿ. ಆರ್ಡರ್ ಬರೆದಿಡುವುದು, ಬಾಕಿ ಕೇಳುವುದು, ಗಿರಾಕಿಗೆ ಫೋಟೋ ಕಳಿಸುವುದು, ಇದೆಲ್ಲ ರಾತ್ರಿ ಊಟ ಆದ ಮೇಲೆ ನನ್ನ ತಲೆಗೇ ಬರುತ್ತಿತ್ತು.

ಮೊದಲ ಸಲ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ‘ಇಂಟರ್ನ್ ಬೇಕು’ ಎಂದು ಹಾಕಿದೆ. ಇಬ್ಬರು ಹುಡುಗರು ಬಂದರು. ಅವರಿಗೆ ಏನು ಕೆಲಸ ಕೊಡಬೇಕು ಎಂದು ನನಗೇ ಗೊತ್ತಿರಲಿಲ್ಲ. ಸುಮ್ನೆ ತಟ್ಟೆ ಎಣಿಸಿ ಕಟ್ಟು ಕಟ್ಟಲು ಕೂರಿಸಿದೆ. ಹತ್ತು ದಿನದಲ್ಲಿ ಒಬ್ಬ ಬಿಟ್ಟ. ಇನ್ನೊಬ್ಬ ಕೊನೆಗೆ ಕಾಲೇಜಿನ ಫಾರಂ ತಂದ. ‘ಏನು ಕಲಿತರು’ ಎಂಬಲ್ಲಿ ಬರೆಯಲು ನನಗೆ ಏನೂ ಸಿಗಲಿಲ್ಲ. ಆ ಹುಡುಗನ ಒಂದು ರಜೆ ಹಾಳಾಯಿತಲ್ಲ ಎಂದು ಈಗಲೂ ಬೇಸರ ಇದೆ.

ಮರುವರ್ಷ ಮೊದಲು ಕೆಲಸ ಗೊತ್ತು ಮಾಡಿದೆ. ಮೂರು ವರ್ಷದ ಬಿಲ್ಲುಗಳನ್ನು ಎಕ್ಸೆಲ್‌ಗೆ ಹಾಕಬೇಕು. ಯಾವ ಅಳತೆಯ ತಟ್ಟೆ ಯಾವ ತಿಂಗಳು ಜಾಸ್ತಿ ಹೋಗುತ್ತದೆ ಎಂದು ಹೇಳಬೇಕು. ಆರು ವಾರ, ಇದೊಂದೇ ಕೆಲಸ. ಸಮಯ, ಸ್ಟೈಪೆಂಡ್, ಬಸ್ಸಿನ ದುಡ್ಡು ಎಲ್ಲ ಸೇರಿಸಿ ಒಂದು ಕಾಗದದಲ್ಲಿ ಬರೆದೆ. ಬಸ್ಸಿನ ದುಡ್ಡು ಸಣ್ಣ ವಿಷಯ ಅಲ್ಲ. ಮಕ್ಕಳ ಕನ್ಸೆಶನ್ ಮನೆಯಿಂದ ಕಾಲೇಜಿಗೆ ಮಾತ್ರ. ನಮ್ಮಲ್ಲಿಗೆ ಬರಲು ಪೂರ್ತಿ ಚಾರ್ಜು ಕೊಡಬೇಕು, ಅಲ್ವಾ?

ಆ ಕಾಗದ ಹಿಡಿದು ಕಾಲೇಜಿಗೇ ಹೋದೆ. ನಮ್ಮ ಸುತ್ತ ಕಾಲೇಜಿಗೆ ಕಡಿಮೆ ಇಲ್ಲ: ವಿದ್ಯಾನಗರದಲ್ಲಿ ಸರಕಾರಿ ಕಾಲೇಜು, ಮಂಜೇಶ್ವರದಲ್ಲಿ ಗೋವಿಂದ ಪೈ ಕಾಲೇಜು, ಪೆರ್ಲದಲ್ಲಿ ನಾಲಂದ, ಪೊವ್ವಲ್‌ನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು. ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು, ಕಾಮರ್ಸ್ ವಿಭಾಗದ ಟೀಚರನ್ನು ಕಂಡೆ. ತರಗತಿಯಲ್ಲಿ ಮಾತು ಕಡಿಮೆ, ಆದರೆ ಲೆಕ್ಕ ಅಚ್ಚುಕಟ್ಟು, ಅಂಥ ಮಕ್ಕಳು ಯಾರು ಎಂಬುದು ಅವರಿಗೆ ಮಾತ್ರ ಗೊತ್ತು. ಹೋಗುವುದು ಫೆಬ್ರವರಿಯಲ್ಲೇ ಆಗಬೇಕು. ಪರೀಕ್ಷೆ ಹತ್ತಿರ ಬಂದರೆ ಯಾರಿಗೂ ಪುರುಸೊತ್ತಿಲ್ಲ. ನಮಗೂ ಬೇಸಿಗೆಯೇ ಒಳ್ಳೆಯದು. ಹಾಳೆ ಸಿಗುವುದು, ಒಣಗುವುದು ಆಗಲೇ. ಮಳೆ ಹಿಡಿದರೆ ಬೂಷ್ಟು ಬರುತ್ತದೆ.

ಆರು ಮಂದಿ ಬಂದರು. ಪ್ರಶ್ನೆ ಕೇಳಲಿಲ್ಲ. ಹಳೆಯ ಬಿಲ್ ಪುಸ್ತಕ ಕೊಟ್ಟು ಇಪ್ಪತ್ತು ಬಿಲ್ ಪಟ್ಟಿ ಮಾಡಿ ಎಂದೆ. ಒಬ್ಬಳು ನಡುವೆ ನಿಲ್ಲಿಸಿ, “ಅಕ್ಕಾ, ಈ ಎರಡು ಬಿಲ್ಲಿಗೆ ಒಂದೇ ನಂಬರ್ ಉಂಟಲ್ಲ, ಯಾವುದು ಸರಿ?” ಎಂದು ಕೇಳಿದಳು. ಉಳಿದವರು ಇದ್ದ ಹಾಗೆಯೇ ಬರೆದಿದ್ದರು. ಅವಳನ್ನೇ ತೆಗೆದುಕೊಂಡೆ. ಮಾರ್ಕು ನೋಡಲಿಲ್ಲ. ಸೇರಿಸುವ ಮೊದಲು ಅವಳ ಅಮ್ಮನಿಗೆ ಫೋನ್ ಮಾಡಿ, ಸಂಜೆ ನಾಲ್ಕೂವರೆಯ ಬಸ್ಸಿಗೆ ಬಿಡುತ್ತೇನೆ ಎಂದು ಹೇಳಿದೆ.

ಅವಳ ಮನೆಯಲ್ಲಿ ತುಳು, ಕಲಿತದ್ದು ಕನ್ನಡ ಶಾಲೆಯಲ್ಲಿ, ಪೇಟೆಯಲ್ಲಿ ಮಲಯಾಳಂ. ಪುತ್ತೂರಿನ ಗಿರಾಕಿಗೂ ಪಯ್ಯನ್ನೂರಿನ ಗಿರಾಕಿಗೂ ಅವಳೇ ಫೋನ್ ಮಾಡಿ ಬಾಕಿ ವಸೂಲು ಮಾಡಿದಳು. ಹೀಗೆ ಮೂರು ಭಾಷೆ ಬರುತ್ತದೆ ಎಂಬುದನ್ನು ನಮ್ಮ ಗಡಿಯ ಮಕ್ಕಳು ಬಯೋಡೇಟಾದಲ್ಲಿ ಬರೆಯುವುದೇ ಇಲ್ಲ. ನಾವೇ ಕೇಳಬೇಕು.

ನಾಲ್ಕನೇ ವಾರ ಅವಳು ಪಟ್ಟಿ ತೋರಿಸಿದಳು. ಮದುವೆ ಸಮಯದಲ್ಲಿ ತಿಂಡಿಯ ಸಣ್ಣ ತಟ್ಟೆ ಸಾಲದೆ ಎಷ್ಟೋ ಆರ್ಡರ್ ಅರ್ಧಕ್ಕೆ ನಿಂತಿತ್ತು. ಈಗ ಒಂದು ಪ್ರೆಸ್ಸಿಗೆ ಜನವರಿಯಿಂದಲೇ ಸಣ್ಣ ತಟ್ಟೆಯ ಡೈ, ಅಂದರೆ ಅಚ್ಚು, ಹಾಕುತ್ತೇವೆ.

ಕೇರಳದಲ್ಲಿ 2024ರಲ್ಲಿ ಶುರುವಾದ ನಾಲ್ಕು ವರ್ಷದ ಡಿಗ್ರಿಯಲ್ಲಿ ಇಂಟರ್ನ್‌ಶಿಪ್‌ಗೂ ಕ್ರೆಡಿಟ್ ಇದೆ, ಅಂದರೆ ಅದೂ ಡಿಗ್ರಿಯ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಟೀಚರುಗಳೂ ಜಾಗ ಹುಡುಕುತ್ತಿದ್ದಾರೆ. ಈ ಸಲ ಅವರೇ ಫೋನ್ ಮಾಡಿ, “ನಿಮ್ಮ ಕಾಗದ ಯಾವಾಗ ಕೊಡ್ತೀರಿ?” ಎಂದು ಕೇಳಿದರು. ಬರೆಯುತ್ತಿದ್ದೇನೆ. ಕೆಲಸ: ಎಲ್ಲ ಅಳತೆಯ ತಟ್ಟೆಗಳ ಫೋಟೋ ಪಟ್ಟಿ, ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ.